ಯಂತ್ರದ ಕಿವಿ ಯಾರ ಕಡೆಗೆ?

ಮಿಲ್ಲಿನಲ್ಲಿ ದುಡಿಯುವವನಿಗೆ ಯಂತ್ರದ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಗ್ಗದ ಸದ್ದಿನಲ್ಲಿ ಪಕ್ಕದವನ ಮಾತು ಕೇಳದು. ಮಗ್ಗಕ್ಕಂತೂ ಯಾರ ಮಾತೂ ಕೇಳದು. ಅದರ ಓಟಕ್ಕೆ ಮನುಷ್ಯನೇ ಕೈಕಾಲು ಹೊಂದಿಸಿಕೊಳ್ಳಬೇಕು. ಹಾಗಿರುವಾಗ, ಮನುಷ್ಯನ ಮೆಲುದನಿಗೆ ತಲೆಬಾಗಿ ಹತ್ತಿರ ಬರುತ್ತಿದ್ದ, ಅಬ್ಬರಕ್ಕೆ ಹಿಂದೆ ಸರಿಯುತ್ತಿದ್ದ ಯಂತ್ರವೊಂದಿತ್ತು ಎಂದರೆ ನಮ್ಮ ಓದುಗರು ನಕ್ಕಾರು. ಆದರೆ ಅಂಥ ಯಂತ್ರ ನಿಜಕ್ಕೂ ಇತ್ತು. ಅದಕ್ಕೊದಗಿದ ಗತಿಯಲ್ಲಿ ದುಡಿಯುವ ಜನ ಕಲಿಯಬೇಕಾದ ಪಾಠವೂ ಇದೆ.

ವಿದ್ಯುತ್ತು, ಬೆಳಕು, ಸದ್ದು, ಚಲನೆಗಳನ್ನು ಕೂಡಿಸಿ, ನೋಡಲು ಬಂದವರ ನಡೆನುಡಿಗೆ ಉತ್ತರ ಕೊಡುವಂಥ ಕಲಾಕೃತಿಗಳನ್ನು ಮಾಡುವ ಪ್ರಯತ್ನ ಪಶ್ಚಿಮದ ದೇಶಗಳಲ್ಲಿ 1950ರ ದಶಕದಿಂದಲೂ ನಡೆದು ಬಂದಿದೆ. ಈ ದಾರಿಯಲ್ಲಿ ನಡೆದವರಲ್ಲಿ ಎಡ್ವರ್ಡ್ ಇಹ್ನಾಟೋವಿಚ್ ಒಬ್ಬರು. 1926ರಲ್ಲಿ ಪೋಲೆಂಡಿನಲ್ಲಿ ಹುಟ್ಟಿ, ಯುದ್ಧದ ಹೊಡೆತಕ್ಕೆ ದೇಶ ಬಿಟ್ಟು ಇಂಗ್ಲೆಂಡ್ ಸೇರಿದ ನಿರಾಶ್ರಿತ. ಲಂಡನ್ನಿನ ಒಂದು ಗ್ಯಾರೇಜಿನಲ್ಲಿ ವಾಸವಾಗಿದ್ದು, ಹಳೆಯ ಕಾರುಗಳ ಬಿಡಿಭಾಗಗಳಿಂದ ಶಿಲ್ಪ ಮಾಡಿದವರು. 1968ರಲ್ಲಿ ಅದೇ ನಗರದ ಪ್ರದರ್ಶನವೊಂದರಲ್ಲಿ, ಸದ್ದು ಬಂದ ಕಡೆಗೆ ಹೂವಿನಂಥ ತಲೆಯನ್ನು ತಿರುಗಿಸುವ ಕೃತಿಯನ್ನು ಅವರು ಜನರ ಮುಂದಿಟ್ಟರು.

ಅವರ ಮುಂದಿನ ಕೃತಿಯೇ 'ಸೆನ್‌ಸ್ಟರ್'. ಹಾಲೆಂಡಿನ ಐಂಡ್‌ಹೋವನ್ ನಗರದಲ್ಲಿ ಫಿಲಿಪ್ಸ್ ಕಂಪನಿಯು 1966ರಲ್ಲಿ ತೆರೆದಿದ್ದ ಎವೊಲುವಾನ್ ಎಂಬ ಪ್ರದರ್ಶನ ಭವನಕ್ಕಾಗಿ ಅದು ತಯಾರಾಯಿತು; 1970ರಲ್ಲಿ ಅಲ್ಲಿ ನಿಂತಿತು. ಸುಮಾರು 15 ಅಡಿ ಉದ್ದದ ಉಕ್ಕಿನ ಕೊಳವೆಗಳ ಮೈ. ಕಡಲ ಏಡಿಯ ಕೊಂಡಿಯನ್ನು ನೋಡಿ ರೂಪಿಸಿದ ಕೀಲುಗಳು. ಆ ಕೀಲುಗಳನ್ನು ಆಡಿಸಲು ಎಣ್ಣೆಯ ಒತ್ತಡ. ತಲೆಯಲ್ಲಿ ಸದ್ದು ಹಿಡಿಯಲು ನಾಲ್ಕು ಮೈಕುಗಳು, ಜನರ ಚಲನೆ ಗುರುತಿಸಲು ರೇಡಾರು. ಇವೆಲ್ಲವನ್ನೂ ಒಂದು ಕಂಪ್ಯೂಟರು ನಡೆಸುತ್ತಿತ್ತು. ಯಾರಾದರೂ ಮೆಲ್ಲಗೆ ಮಾತಾಡಿದರೆ ಅದು ಆ ಕಡೆ ಕತ್ತು ಚಾಚುತ್ತಿತ್ತು. ಕಿರುಚಿದರೆ, ಕೈ ಬೀಸಿ ಹೆದರಿಸಿದರೆ, ಹಿಂಜರಿಯುತ್ತಿತ್ತು. ಮಕ್ಕಳೂ ದೊಡ್ಡವರೂ ಅದರ ಸುತ್ತ ಮುತ್ತಿಕೊಂಡು, ಸಾಕಿದ ಪ್ರಾಣಿಯೊಡನೆ ಆಡುವಂತೆ ಆಡಿದರು.

ಇಷ್ಟಾದರೂ 1974ರ ಹೊತ್ತಿಗೆ ಅದನ್ನು ಕಳಚಿ ಹಾಕಲಾಯಿತು. ಕಾರಣವೇನೇ ಇರಲಿ, ತೀರ್ಮಾನ ಕಂಪನಿಯದು. ಮುತ್ತಿಕೊಂಡಿದ್ದ ಜನರನ್ನು ಕೇಳಬೇಕಾದ ಅಗತ್ಯವೇ ಅದಕ್ಕಿರಲಿಲ್ಲ. ಬಾಡಿಗೆ ಮಳಿಗೆಯ ವ್ಯಾಪಾರಿಗೆ ಈ ನ್ಯಾಯ ಹೊಸದಲ್ಲ: ಎಷ್ಟೇ ಗಿರಾಕಿಗಳನ್ನು ಕೂಡಿಸಿದ್ದರೂ ಮಾಲೀಕ 'ಖಾಲಿ ಮಾಡು' ಎಂದ ದಿನ ಬೀದಿಯೇ ಗತಿ. ಬಾಗಿಲು ಮುಚ್ಚಿದ ಮಿಲ್ಲಿನ ಮಗ್ಗಗಳು ಗುಜರಿಗೆ ಹೋಗುವುದನ್ನು ಕಂಡ ಕಾರ್ಮಿಕನಿಗೂ ಹೊಸದಲ್ಲ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆ ಉಕ್ಕಿನ ಅಸ್ಥಿಪಂಜರ ಬಯಲಿನಲ್ಲಿ ಮಳೆಗಾಳಿಗೆ ಮೈಯೊಡ್ಡಿ ನಿಂತಿತು. ಅದನ್ನು ಮಾಡಿದವರು 1988ರಲ್ಲಿ ತೀರಿಕೊಂಡರು.

ಅದನ್ನು ಉಳಿಸಿದ್ದು ಒಂದು ಸಾರ್ವಜನಿಕ ವಿಶ್ವವಿದ್ಯಾನಿಲಯ. ಗಣಿ ಮತ್ತು ಲೋಹ ವಿದ್ಯೆಯನ್ನು ಕಲಿಸಲೆಂದು 1919ರಲ್ಲಿ ಬಾಗಿಲು ತೆರೆದ, ಪೋಲೆಂಡಿನ ಕ್ರಾಕೋವ್ ನಗರದ ಎ.ಜಿ.ಎಚ್. ವಿಶ್ವವಿದ್ಯಾನಿಲಯವು 2017ರಲ್ಲಿ ಅದನ್ನು ಕೊಂಡು ತಂದಿತು. ಮರುವರ್ಷ ಅದು ಮತ್ತೆ ಕತ್ತೆತ್ತಿತು. ಲಾಭದ ಲೆಕ್ಕ ಕೈಬಿಟ್ಟಿದ್ದನ್ನು ವಿದ್ಯೆಯ ಮೇಲಿನ ಪ್ರೀತಿ ಕೈಹಿಡಿದೆತ್ತಿತು.

'ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಏಕೆ' ಎಂದು ನಮ್ಮ ಚಳವಳಿಯ ಮಿತ್ರರೇ ಕೆಲವರು ಕೇಳಬಹುದು. ಹಿಟ್ಟಿನ ಹೋರಾಟವನ್ನು ನಾವು ಒಂದು ದಿನವೂ ಬಿಟ್ಟವರಲ್ಲ. ಆದರೆ ಮಲ್ಲಿಗೆಯೆಲ್ಲ ಉಳ್ಳವರ ಪಾಲಿಗಿರಲಿ ಎಂದು ಬರೆದುಕೊಡಲು ನಾವು ಸಿದ್ಧರಿಲ್ಲ. ಮೇಲಾಗಿ ಇದು ಬರಿಯ ಮಲ್ಲಿಗೆಯ ಮಾತಲ್ಲ. ಮನುಷ್ಯನ ಸದ್ದನ್ನೂ ಚಲನೆಯನ್ನೂ ಗುರುತಿಸುವ ವಿದ್ಯೆ ಈಗ ಬಹಳ ಅಗ್ಗವಾಗಿದೆ. ದೊಡ್ಡ ಉಗ್ರಾಣಗಳಲ್ಲಿ, ಕಾರ್ಖಾನೆಗಳಲ್ಲಿ, ದುಡಿಯುವವನು ಎಷ್ಟು ನಿಮಿಷ ನಿಂತ, ಎಷ್ಟು ಹೆಜ್ಜೆ ನಡೆದ ಎಂದು ಅಳೆಯಲು ಅದು ಬಳಕೆಯಾಗುತ್ತಿದೆ. ಯಂತ್ರಕ್ಕೆ ಕಿವಿ ಬಂದಿರುವುದು ನಿಜ. ಆದರೆ ಆ ಕಿವಿ ಇರುವುದು ಧಣಿಯ ಕಡೆಗೆ. ಅದೇ ಕಿವಿ ಮಗುವಿನ ಮೆಲುದನಿಗೂ ಬಾಗಬಲ್ಲದೆಂದು ಸೆನ್‌ಸ್ಟರ್ ತೋರಿಸಿಕೊಟ್ಟಿತು. ದೋಷ ವಿದ್ಯೆಯದಲ್ಲ, ಒಡೆತನದ್ದು.

ಕರ್ನಾಟಕ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸೈನ್ಸ್ ಗ್ಯಾಲರಿ ಎಂಬ ಭವನ 2024ರಲ್ಲಿ ಬಾಗಿಲು ತೆರೆಯಿತು. ವಿಜ್ಞಾನವನ್ನೂ ಕಲೆಯನ್ನೂ ಜೊತೆಗೂಡಿಸಿದ ಪ್ರದರ್ಶನಗಳು ಅಲ್ಲಿ ನಡೆಯುತ್ತವೆ, ಪ್ರವೇಶ ಉಚಿತ. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ತೆರಿಗೆ ಕೊಡುವವರು ರಾಜಧಾನಿಯವರು ಮಾತ್ರವಲ್ಲ. ಅಂಥ ಪ್ರದರ್ಶನಗಳು ಜಿಲ್ಲಾ ಊರುಗಳಿಗೂ ಬರಬೇಕು. ಪಾಳಿ ಮುಗಿಸಿ ಬಂದವನಿಗೂ, ಅಂಗಡಿ ಮುಚ್ಚಿ ಬಂದವನಿಗೂ ಹೊಂದುವ ಹೊತ್ತಿನಲ್ಲಿ, ಟಿಕೇಟಿಲ್ಲದೆ ತೆರೆದಿರಬೇಕು. ಜನರ ಹಣದಿಂದ ನಿಲ್ಲಿಸಿದ ಕೃತಿಗಳ ದುರಸ್ತಿಗೂ ಪ್ರತಿವರ್ಷ ಹಣ ತೆಗೆದಿಡಬೇಕು. ಉದ್ಘಾಟನೆಯ ದಿನ ದೀಪ ಹೊತ್ತಿ, ಆಮೇಲೆ ತುಕ್ಕು ಹಿಡಿಯುವುದು ಬೇಡ. ಇದು ನಮ್ಮ ಬೇಡಿಕೆ.

ಯಂತ್ರವನ್ನು ಮಾಡಿದವರು ನಾವು, ನಡೆಸುವವರು ನಾವು. ಅದು ನಮ್ಮ ಮಾತನ್ನೂ ಕೇಳಲಿ ಎನ್ನುವುದು ದುರಾಸೆಯಲ್ಲ.