ಫೋಟೋ ಚೆಂದ ಇದೆ, ಇಸವಿ ನೋಡಿದ್ರಾ?

ಇತ್ತೀಚೆಗೆ ನಾನೊಂದು ತಪ್ಪು ಮಾಡಿದೆ. ಹಳೆಯ ಕಲ್ಕತ್ತಾದ ಬೀದಿಯ ಫೋಟೋವೊಂದನ್ನು ಸ್ಟೇಟಸ್‌ಗೆ ಹಾಕಿ, ‘ಎಷ್ಟು ಚೆಂದ ಇತ್ತಲ್ವಾ ಆ ಕಾಲ’ ಅಂತ ಬರೆದೆ. ಅಗಲವಾದ ರಸ್ತೆ, ಟ್ರಾಮ್, ಕೈಯಲ್ಲಿ ಎಳೆಯುವ ರಿಕ್ಷಾ, ಯಾರ ಹಂಗೂ ಇಲ್ಲದೆ ನಡುರಸ್ತೆಯಲ್ಲಿ ನಿಂತ ಹಸು. ಇತಿಹಾಸ ಓದಿಕೊಂಡ ಗೆಳತಿಯೊಬ್ಬಳು ಉತ್ತರ ಕಳಿಸಿದಳು: ‘ಇಸವಿ ನೋಡಿದ್ಯಾ?’

ನೋಡಿದೆ. 1944. ಅಂದರೆ ಬಂಗಾಳದ ಮಹಾ ಕ್ಷಾಮ ಶುರುವಾದ ಮರುವರ್ಷ. ಆ ಕ್ಷಾಮದಲ್ಲಿ ಸತ್ತವರು ಸುಮಾರು 15 ಲಕ್ಷ ಅಂತ ಬ್ರಿಟಿಷ್ ಸರ್ಕಾರವೇ ನೇಮಿಸಿದ ವಿಚಾರಣಾ ಆಯೋಗ ಹೇಳಿತು. 30 ಲಕ್ಷದವರೆಗೂ ಇರಬಹುದು ಅಂತ ಆಮೇಲಿನ ವಿದ್ವಾಂಸರು ಲೆಕ್ಕ ಹಾಕಿದರು. ನಾನು ‘ಚೆಂದ’ ಅಂದಿದ್ದು ಆ ಬೀದಿಗೆ.

ಈ ಫೋಟೋಗಳು ಎಲ್ಲಿಂದ ಬಂದವು? ಎರಡನೇ ಮಹಾಯುದ್ಧದಲ್ಲಿ ಬರ್ಮಾವನ್ನು ಜಪಾನ್ ಹಿಡಿದ ಮೇಲೆ, ಚೀನಾಕ್ಕೆ ಸರಕು ಸಾಗಿಸಲು ಅಮೆರಿಕದ ಸೈನಿಕರು ಭಾರತದ ಪೂರ್ವ ಭಾಗಕ್ಕೆ ಬಂದಿಳಿದರು. ರಜೆ ಸಿಕ್ಕರೆ ಅವರಲ್ಲಿ ಎಷ್ಟೋ ಜನ ಹೋಗುತ್ತಿದ್ದದ್ದು ಕಲ್ಕತ್ತಾಕ್ಕೆ. ವಾಯುಪಡೆಯಲ್ಲಿ ಫೋಟೋ ತಂತ್ರಜ್ಞನಾಗಿದ್ದ ಗ್ಲೆನ್ ಹೆನ್ಸ್ಲಿ 1944ರಲ್ಲಿ ತೆಗೆದ ಚಿತ್ರಗಳನ್ನು ಶಿಕಾಗೋ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದಲ್ಲಿ ಯಾರು ಬೇಕಾದರೂ ನೋಡಬಹುದು. ಮೌಂಟ್‌ಬ್ಯಾಟನ್ ಬಳಿ ಪತ್ರಿಕಾ ಛಾಯಾಗ್ರಾಹಕನಾಗಿದ್ದ ಟೆಕ್ಸಾಸ್‌ನ ಕ್ಲೈಡ್ ವಾಡೆಲ್, ಯುದ್ಧ ಮುಗಿಯುವ ಹೊತ್ತಿಗೆ 60 ಫೋಟೋಗಳ ಆಲ್ಬಂ ಮಾಡಿದ. ಹೌರಾ ಸೇತುವೆ, ಸ್ಮಶಾನ ಘಾಟ್, ಅಫೀಮಿನ ಅಡ್ಡೆ ಎಲ್ಲವೂ ಅದರಲ್ಲಿವೆ. ಊರಿಗೆ ಮರಳುವ ಗೆಳೆಯರಿಗೆ ಅದೊಂದು ನೆನಪಿನ ಕಾಣಿಕೆ.

ಇವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಇಬ್ಬರಿಗೂ ಕುತೂಹಲವಿತ್ತು, ಬೀದಿಯ ಬಡತನವನ್ನೂ ಅವರು ಮರೆಮಾಚಲಿಲ್ಲ. ನನ್ನ ಪ್ರಶ್ನೆ ಬೇರೆ. ಅದೇ ಹೊತ್ತಲ್ಲಿ, ಅದೇ ಊರಲ್ಲಿ, ಅಲ್ಲಿಯ ಜನ ತಮ್ಮ ಕಣ್ಣಿಗೆ ಕಂಡದ್ದನ್ನು ತೋರಿಸಲು ಹೊರಟಾಗ ಏನಾಯಿತು?

ಕಲಾವಿದ ಚಿತ್ತಪ್ರಸಾದ್ 1943ರ ನವೆಂಬರ್‌ನಲ್ಲಿ ಮಿಡ್ನಾಪುರ ಜಿಲ್ಲೆಯಲ್ಲಿ ಸುತ್ತಾಡಿ, ಹಸಿದವರನ್ನು ಚಿತ್ರಿಸಿ ‘ಹಂಗ್ರಿ ಬೆಂಗಾಲ್’ ಅನ್ನೋ ಪುಸ್ತಕ ತಂದರು. ಸರ್ಕಾರ ಅದರ 5,000 ಪ್ರತಿಗಳನ್ನು ಜಪ್ತಿ ಮಾಡಿ ನಾಶಮಾಡಿತು. ಸುನಿಲ್ ಜಾನಾ ಅವರ ಫೋಟೋಗಳು ಬೆಳಕು ಕಂಡವು, ಆದರೆ ಅವು ಅಚ್ಚಾದದ್ದು ಆಗ ಯುದ್ಧವನ್ನು ಬೆಂಬಲಿಸುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಪತ್ರಿಕೆಯಲ್ಲಿ. ಬ್ರಿಟಿಷ್ ಒಡೆತನದ ‘ದಿ ಸ್ಟೇಟ್ಸ್‌ಮನ್’ 1943ರ ಆಗಸ್ಟ್ 22ರಂದು ಬೀದಿಯಲ್ಲಿ ಸಾಯುತ್ತಿದ್ದವರ ಚಿತ್ರಗಳನ್ನು ಪ್ರಕಟಿಸಿದ ಮೇಲೆಯೇ ಹೊರಜಗತ್ತು ಕಣ್ಣುಬಿಟ್ಟಿದ್ದು. ಸೈನಿಕರ ಪತ್ರಗಳಿಗೂ ಸೆನ್ಸಾರ್ ಇತ್ತು, ನಿಜ. ಆದರೆ ಒಬ್ಬನ ಆಲ್ಬಂ ನೆನಪಾಗಿ ಉಳಿಯಿತು, ಇನ್ನೊಬ್ಬರ ಪುಸ್ತಕ ಅಪರಾಧವಾಯಿತು.

ಇನ್ನೊಂದು ವಿಷಯ ತಿಳಿದ ಮೇಲೆ ನನಗೆ ಆ ಫೋಟೋ ಮೊದಲಿನಂತೆ ಕಾಣಲೇ ಇಲ್ಲ. ಹಳ್ಳಿಗಳಿಂದ ಅನ್ನ ಹುಡುಕಿಕೊಂಡು ಕಲ್ಕತ್ತಾಕ್ಕೆ ಬಂದಿದ್ದ ನಿರ್ಗತಿಕರನ್ನು ನಗರದಿಂದ ಹೊರಗೆ ಸಾಗಿಸಲು 1943ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯನ್ನೇ ತರಲಾಯಿತು. ಅವರನ್ನು ಹಿಡಿದು ಲಾರಿಗಳಲ್ಲಿ ತುಂಬಿ ಶಿಬಿರಗಳಿಗೆ ಒಯ್ದರು. ಬೀದಿ ಬಿಕೋ ಅನ್ನೋದಕ್ಕೆ ಇದೊಂದೇ ಕಾರಣ ಅಂತ ನಾನು ಅನ್ನಲಾರೆ. ಆದರೆ ಆ ಕಾಲದ ರಸ್ತೆ ಎಷ್ಟು ಚೊಕ್ಕಟ ಅನ್ನೋ ಮುಂಚೆ, ಗುಡಿಸಿ ತೆಗೆದದ್ದು ಕಸವನ್ನೋ ಮನುಷ್ಯರನ್ನೋ ಅಂತ ಕೇಳಲೇಬೇಕು.

ಇದು ಬರೀ ಹಳೇ ಕತೆಯಲ್ಲ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದ ಮೇಲೆ ಇಸ್ರೇಲ್, ವಿದೇಶಿ ಪತ್ರಕರ್ತರು ಸ್ವತಂತ್ರವಾಗಿ ಗಾಜಾದೊಳಗೆ ಹೋಗದಂತೆ ತಡೆಯಿತು. ಸೇನೆಯ ಜೊತೆಯಲ್ಲಿ, ಸೇನೆ ತೋರಿಸಿದ ಕಡೆ ಮಾತ್ರ ಹೋಗಬಹುದಿತ್ತು. ಗಾಜಾದ ಸ್ಥಳೀಯ ಪತ್ರಕರ್ತರು ಕೆಲಸ ಮಾಡುತ್ತಲೇ ಜೀವ ಕಳೆದುಕೊಂಡರು. ಸೈನಿಕರ ಮೊಬೈಲ್‌ಗಳು ಮಾತ್ರ ಓಡುತ್ತಲೇ ಇದ್ದವು: ಒಡೆದ ಮನೆಗಳ ಮುಂದೆ ಸೆಲ್ಫಿ, ನಗು, ಹಾಡು. 1944ಕ್ಕೂ ಇದಕ್ಕೂ ಸಾಕಷ್ಟು ವ್ಯತ್ಯಾಸವಿದೆ. ಹೆನ್ಸ್ಲಿ ಯಾರ ಮನೆಯನ್ನೂ ಒಡೆದವನಲ್ಲ. ಆದರೆ ಕ್ಯಾಮೆರಾ ಹಿಡಿಯುವ ಹಕ್ಕು ಹಂಚಿಕೆಯಾಗೋ ರೀತಿ ಅದೇ.

ಹಾಗಂತ ಸೈನಿಕರ ಫೋಟೋಗಳನ್ನು ಮೂಲೆಗೆ ಎಸೆಯೋಣ ಅಂತಲ್ಲ. ಇರಾಕಿನ ಅಬು ಘ್ರೈಬ್ ಜೈಲಿನ ಚಿತ್ರಹಿಂಸೆ 2004ರಲ್ಲಿ ಜಗತ್ತಿನ ಮುಂದೆ ಬೆತ್ತಲಾಗಿದ್ದು ಅಮೆರಿಕದ ಸೈನಿಕರೇ ತೆಗೆದ ಫೋಟೋಗಳಿಂದ. 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ದಕ್ಷಿಣ ಆಫ್ರಿಕಾದ ವಕೀಲರು ತೋರಿಸಿದ್ದರಲ್ಲಿ ಇಸ್ರೇಲಿ ಸೈನಿಕರದ್ದೇ ವಿಡಿಯೋಗಳಿದ್ದವು. ಹೆಮ್ಮೆಗೋ ಮೋಜಿಗೋ ತೆಗೆದ ಚಿತ್ರ ಮುಂದೊಂದು ದಿನ ಸಾಕ್ಷಿ ಹೇಳುತ್ತದೆ. ಆದರೆ ಅದು ತಾನಾಗಿ ಬಾಯಿ ಬಿಡೋದಿಲ್ಲ, ನೋಡುವವರು ಕೇಳಬೇಕು.

ನಾವೀಗ ಮಾಡ್ತಿರೋದು ಅದರ ಉಲ್ಟಾ. ಕಪ್ಪುಬಿಳುಪು ಚಿತ್ರಗಳಿಗೆ ಎಐ ಬಣ್ಣ ಬಳಿಯುತ್ತದೆ. ಸೀರೆ ಯಾವ ಬಣ್ಣದ್ದು ಅಂತ ಅದಕ್ಕೆ ಗೊತ್ತಿಲ್ಲ, ಊಹಿಸುತ್ತದೆ. ಮೇಲೊಂದು ಹಳೇ ಹಾಡು ಸೇರಿದರೆ ರೀಲ್ಸ್ ತಯಾರು. ಇಸವಿ ಹೋಯಿತು, ತೆಗೆದವನ ಹೆಸರು ಹೋಯಿತು. ರಿಕ್ಷಾ ಎಳೆಯುವವನ ಹೆಸರನ್ನಂತೂ ಮೊದಲೇ ಯಾರೂ ಕೇಳಿರಲಿಲ್ಲ. ಕೊನೆಗೆ ಉಳಿಯೋದು ‘ಆಗ ಎಲ್ಲ ಚೆನ್ನಾಗಿತ್ತು’ ಅನ್ನೋ ಭಾವನೆ ಮಾತ್ರ. ಆ ಭಾವನೆಯನ್ನು ರಾಜಕೀಯವಾಗಿ ಯಾರು ಹೇಗೆ ಬಳಸಿಕೊಳ್ಳುತ್ತಾರೆ ಅನ್ನೋದು ನಿಮಗೆ ಗೊತ್ತೇ ಇದೆ.

ಬೆಂಗಳೂರಿಗೂ ಈ ಸೈನಿಕರು ಬಂದಿದ್ದರು. 1943ರಲ್ಲಿ ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನೇ ಅಮೆರಿಕದ ವಾಯುಪಡೆ ವಿಮಾನ ರಿಪೇರಿಗೆ ವಹಿಸಿಕೊಂಡಿತ್ತು. ನಾಳೆ ಯಾವುದೋ ಅಟ್ಟದ ಪೆಟ್ಟಿಗೆಯಿಂದ ದಂಡು ಪ್ರದೇಶದ ಫೋಟೋಗಳು ಹೊರಬಂದರೆ ನಾವೆಲ್ಲ ಖುಷಿಯಿಂದ ಶೇರ್ ಮಾಡ್ತೀವಿ. ಮಾಡೋಣ. ಆದರೆ ಆ ವರ್ಷ ರೇಷನ್ ಎಷ್ಟಿತ್ತು, ಜೈಲಿನಲ್ಲಿ ಯಾರಿದ್ದರು, ಯಾರ ಪುಸ್ತಕ ಜಪ್ತಿಯಾಗಿತ್ತು ಅಂತಲೂ ಹುಡುಕೋಣ.

ನನ್ನ ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಯಿತು. ಮರುದಿನ ಅದೇ ಫೋಟೋ ಮತ್ತೆ ಹಾಕಿದೆ. ಈ ಸಲ ಇಸವಿ ಬರೆದೆ, ತೆಗೆದವನು ಯಾರು ಅಂತ ಬರೆದೆ, ಪಕ್ಕದಲ್ಲಿ ಚಿತ್ತಪ್ರಸಾದ್ ಅವರ ಚಿತ್ರವೊಂದನ್ನೂ ಇಟ್ಟೆ. ‘ಚೆಂದ’ ಅನ್ನೋ ಪದ ಮಾತ್ರ ಬರೆಯಲಿಲ್ಲ.