ಜೀನ್ ಚಿಕಿತ್ಸೆ: ಬೆಳಕಿನ ಬೆನ್ನಿಗೇ ಉರಿಯೂತ

ಬಸರಾಳು: ಹುಟ್ಟುಗುರುಡಿಗೆ ಜೀನ್ ಚಿಕಿತ್ಸೆಯೆಂಬ ಸುದ್ದಿ ಮಂಡ್ಯ ಸೀಮೆಗೆ ದೂರದ್ದಲ್ಲ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ರೂಢಿ ಇನ್ನೂ ಅಳಿಯದ ಕಡೆ, ತಂದೆ-ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದು ಕಾಣಿಸಿಕೊಳ್ಳುವ ಅಂಧತ್ವದ ಸಾಧ್ಯತೆ ಅಧಿಕ.

ಇಂಥದೊಂದು ದೋಷಕ್ಕೆ, ಅಂದರೆ ಆರ್‌ಪಿಇ65 ಜೀನಿನ ವೈಕಲ್ಯಕ್ಕೆ, 'ಲಕ್ಸ್‌ಟರ್ನಾ' ಔಷಧವನ್ನು ಅಮೆರಿಕ 2017ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಎರಡು ಕಣ್ಣಿಗೆ ಅಲ್ಲಿ ಗೊತ್ತುಪಡಿಸಿದ ಬೆಲೆ 8.5 ಲಕ್ಷ ಡಾಲರ್! ಬೆಲೆಯ ಚರ್ಚೆಯಲ್ಲಿ ಉರಿಯೂತದ ಮಾತು ಮರೆಗೆ ಸರಿಯಿತು.

ಸರಿಯಾದ ಜೀನನ್ನು ಕಣ್ಣಿನೊಳಕ್ಕೆ ಹೊತ್ತೊಯ್ಯುವುದು ನಿರುಪದ್ರವಿ ವೈರಾಣುವಿನ ಕವಚ. ದೇಹದ ರಕ್ಷಣಾ ವ್ಯವಸ್ಥೆಗೆ ಮಾತ್ರ ಅದೂ ವೈರಿಯೇ. ಆದ್ದರಿಂದಲೇ ಲಕ್ಸ್‌ಟರ್ನಾ ನೀಡುವ 3 ದಿನ ಮುಂಚೆಯೇ ಸ್ಟೀರಾಯ್ಡ್ ಮಾತ್ರೆ ಆರಂಭಿಸಿ, ನಂತರ ಕ್ರಮೇಣ ಇಳಿಸಲಾಗುತ್ತದೆ. ಔಷಧವನ್ನು ಅಕ್ಷಿಪಟಲದ ಅಡಿಗೆ ಸೇರಿಸಿದಾಗ ಉರಿಯೂತ ಸಾಮಾನ್ಯವಾಗಿ ಹತೋಟಿಯಲ್ಲಿರುತ್ತದೆ. ಕಣ್ಣಿನ ಒಳದ್ರವಕ್ಕೆ ಚುಚ್ಚಿದಾಗ ಅಪಾಯ ಹೆಚ್ಚು. ಅಮೆರಿಕದ ಆಡ್ವೆರಮ್ ಕಂಪನಿ ಮಧುಮೇಹಿಗಳ ಕಣ್ಣಿಗೆ ಈ ಎರಡನೆಯ ಬಗೆಯಲ್ಲಿ ನಡೆಸಿದ ಪ್ರಯೋಗದಲ್ಲಿ, ಅಧಿಕ ಪ್ರಮಾಣ ಪಡೆದ ಒಬ್ಬರಿಗೆ ತಿಂಗಳುಗಳ ತರುವಾಯ ಉರಿಯೂತವಾಗಿ, ಕಣ್ಣಿನ ಒತ್ತಡ ಕುಸಿದು ದೃಷ್ಟಿಯೇ ಹೋದುದು 2021ರಲ್ಲಿ ವರದಿಯಾಯಿತು. ಮಧುಮೇಹದ ಕಣ್ಣಿಗೆ ಆ ಪ್ರಮಾಣವನ್ನು ಕಂಪನಿ ಕೈಬಿಟ್ಟಿತು.

'ತಿಂಗಳುಗಳ ತರುವಾಯ' ಎಂಬುದೇ ಇಲ್ಲಿ ಗಮನಾರ್ಹ. ಇಂಥ ಚಿಕಿತ್ಸೆ ಮುಂದೆ ಕೈಗೆಟುಕಿದರೂ ತಪಾಸಣೆ ಒಂದೆರಡು ದಿನಕ್ಕೆ ಮುಗಿಯದು. ಬಸರಾಳಿನವರು ಮಂಡ್ಯಕ್ಕೆ ಬಸ್ಸು ಹಿಡಿದು, ಅಲ್ಲಿಂದ ಸುಮಾರು 100 ಕಿ.ಮೀ. ದೂರದ ಬೆಂಗಳೂರಿಗೆ ಪದೇ ಪದೇ ಹೋಗಬೇಕು. ಕಬ್ಬಿನ ಕಟಾವಿನ ನಡುವೆ ಕಣ್ಣು ಕೆಂಪಾದರೆ ನಾಳೆ ತೋರಿಸಿದರಾಯಿತು ಎನ್ನುವವರೇ ಹೆಚ್ಚು. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲೇ ಈ ತಪಾಸಣೆ ದೊರೆಯುವಂತೆ ಸರ್ಕಾರ ಈಗಲೇ ಯೋಜಿಸುವುದು ಒಳಿತು.