ಎ ಅಂದ್ರೆ ಏನ್ರೀ?

ಮಾಟುಂಗದ ಕಾಫಿಪುಡಿ ಅಂಗಡಿಯವ ಮೊನ್ನೆಯೂ ಅದೇ ಅಂದ: "ಪ್ಲಾಂಟೇಶನ್ ಎ ಸಾರ್, ಫಸ್ಟ್ ಕ್ಲಾಸ್!" ಇಪ್ಪತ್ತು ವರ್ಷ ಆ 'ಎ'ಗೇ ಹೆಚ್ಚು ದುಡ್ಡು ತೆತ್ತಿದ್ದೇನೆ. ಸ್ವಾಮಿ, ಅದು ರುಚಿಗೆ ಕೊಟ್ಟ ಮಾರ್ಕಲ್ಲ, ಗಾತ್ರಕ್ಕೆ! ತೊಳೆದ ಅರೇಬಿಕಾ ಬೀಜ 6.65 ಮಿಲಿಮೀಟರ್ ಜರಡಿಯ ಮೇಲೆ ನಿಂತರೆ ಎ, 7.10ರ ಮೇಲೆ ನಿಂತರೆ ಎಎ. ಸಾಲ ಕೇಳಲು ಬಂದವನ ಎತ್ತರ ಅಳೆದು ರೇಟಿಂಗ್ ಕೊಟ್ಟ ಹಾಗೆ! ಪೀಬೆರಿಯೂ ಅಷ್ಟೆ, ಹಣ್ಣಿನಲ್ಲಿ ಎರಡರ ಬದಲು ಒಂದೇ ಗುಂಡು ಬೀಜ. ಒಂದೇ ಗಾತ್ರವಿದ್ದರೆ ಸಮನಾಗಿ ಹುರಿಯುತ್ತದೆ, ಹುರಿಯುವವನಿಗೆ ಅನುಕೂಲ, ಒಪ್ಪಿದೆ. ಪುಡಿ ಕೊಳ್ಳುವ ನಮಗೆ? ಆ 'ಎ'ಗೆ ಚಿಕೋರಿ ಸುರಿಯುತ್ತಾರಲ್ಲ, ಕಾಯ್ದೆ ನೂರಕ್ಕೆ 49ರ ತನಕ ಬಿಡುತ್ತದೆ! ಯಾವ ಸೀಮೆಯ ತೋಟದ್ದು, ಎಂದು ಹುರಿದದ್ದು, ಚಿಕೋರಿ ಎಷ್ಟು ಅಂತ ಕೇಳಿದೆ. "ಸಾರ್, ಹಿಂದೆ ಕ್ಯೂ ಇದೆ" ಅಂದ.